ಸೀಟಿನಿಂದ ಶುರುಮಾಡಿ: ಹಳೇ ಕಾಲದ ಲೆಗೊ ರೋವರ್ ಮತ್ತು ನೌಕೆ ಕಟ್ಟುವ ಬಗೆ

ನೀಲಿ ರೆಕ್ಕೆ, ಬೂದು ಮೈ, ಹಳದಿ ಗಾಜು, ಒಳಗೆ ನಗುತ್ತಾ ಕೂತ ಪುಟ್ಟ ಗಗನಯಾತ್ರಿ. ಪ್ಲಾಸ್ಟಿಕ್ ಬ್ರಿಕ್ ಜೋಡಿಸಿ ಆಡುವ ಲೆಗೊ ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು, ಯಾವ ಕಾಲದ ನೌಕೆ ಅಂತ ಹೊಳೆದುಬಿಡುತ್ತದೆ. ಈ ನೌಕೆಗಳನ್ನು ರೂಪಿಸಿದವರು ಡೆನ್ಮಾರ್ಕಿನ ಯೆನ್ಸ್ ನ್ಯೂಗೋರ್ಡ್ ಕ್ನುಡ್ಸನ್. ಕೈಕಾಲು ಆಡಿಸುವ ಮಿನಿಫಿಗರ್ ಗೊಂಬೆ 1978ರಲ್ಲಿ ಬಂತಲ್ಲ, ಅದೂ ಅವರದೇ ಕೆಲಸ. ಅದೇ ವರ್ಷ ಅಮೆರಿಕದಲ್ಲಿ, ಮರುವರ್ಷ ಯುರೋಪಿನಲ್ಲಿ ಬಾಹ್ಯಾಕಾಶದ ಸೆಟ್‌ಗಳು ಅಂಗಡಿಗೆ ಬಂದವು. ಅವುಗಳಲ್ಲಿ ದೊಡ್ಡದು ಗ್ಯಾಲಕ್ಸಿ ಎಕ್ಸ್‌ಪ್ಲೋರರ್. ಅಮೆರಿಕದಲ್ಲಿ ಅದರ ನಂಬರ್ 497, ಯುರೋಪಿನಲ್ಲಿ 928. ಇದ್ದದ್ದು ಬರೀ 338 ಬಿಡಿಭಾಗ. 2022ರಲ್ಲಿ ಕಂಪನಿ ಅದನ್ನೇ ಹಿಗ್ಗಿಸಿ 1,254 ಭಾಗಗಳಲ್ಲಿ ಮತ್ತೆ ತಂದಾಗ, ಚಿಕ್ಕವರಿದ್ದಾಗ ಅದರ ಜೊತೆ ಆಡಿದ್ದ ಎಷ್ಟೋ ಜನ ಮತ್ತೆ ಬ್ರಿಕ್ ಹಿಡಿದರು.

ಈ ಶೈಲಿಯಲ್ಲಿ ಕಟ್ಟಲು ಆ ಹಳೇ ಸೆಟ್ಟೇ ಬೇಕಾಗಿಲ್ಲ. ಈಗ ಸಿಗುವ ಭಾಗಗಳಲ್ಲೇ ಕಟ್ಟಬಹುದು. ಆದರೆ ನೀಲಿ ಮತ್ತು ಬೂದು ಬ್ರಿಕ್‌ಗಳನ್ನು ಗುಡ್ಡೆ ಹಾಕಿ ಉದ್ದಕ್ಕೆ ಜೋಡಿಸಿದರೆ ಹಳೇ ಕಾಲದ ಕಳೆ ಬರುವುದಿಲ್ಲ. ಆ ಮೊದಲ ವರ್ಷಗಳ ಸೆಟ್‌ಗಳಲ್ಲಿ ಶತ್ರು ಅಂತ ಯಾರೂ ಇರಲಿಲ್ಲ, ಯುದ್ಧದ ಕತೆಯೂ ಇರಲಿಲ್ಲ. ಶತ್ರುಗಳಂತೆ ಕಾಣುವ ಕಪ್ಪು ಹಳದಿಯ ಬ್ಲ್ಯಾಕ್‌ಟ್ರಾನ್ ಸರಣಿ ಬಂದದ್ದು 1987ರಲ್ಲಿ. ಅದಕ್ಕೂ ಮೊದಲು ಪ್ರತಿ ವಾಹನಕ್ಕೂ ಒಂದು ಉದ್ಯೋಗ ಇರುತ್ತಿತ್ತು. ಒಂದು ಮಣ್ಣು ಅಗೆಯುತ್ತದೆ, ಒಂದು ಸಿಗ್ನಲ್ ಹಿಡಿಯುತ್ತದೆ, ಇನ್ನೊಂದು ರಾಕೆಟ್ ಹೊತ್ತು ತರುತ್ತದೆ. ನೋಡಿದ ಕೂಡಲೇ ಯಾರು ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆ ಅಂತ ಮಗುವಿಗೂ ತಿಳಿಯುತ್ತಿತ್ತು.

ಹಾಗಾಗಿ ಒಳಗಿನಿಂದ ಹೊರಕ್ಕೆ ಕಟ್ಟಿ. ಮೊದಲು ಗಗನಯಾತ್ರಿ ಕೂರುವ ಸೀಟು, ಆಮೇಲೆ ಅವನ ರೋವರ್, ಆಮೇಲೆ ಆ ರೋವರ್ ಹಿಡಿಸುವ ನೌಕೆ. ರೆಕ್ಕೆಯಿಂದ ಶುರುಮಾಡಿದವರ ನೌಕೆ ನೋಡಲು ಚೆನ್ನಾಗಿರಬಹುದು, ಆದರೆ ಕೊನೆಗೆ ಸೀಟಿಗೆ ಜಾಗ ಸಿಗದೆ ಗೊಂಬೆ ಹೊರಗೇ ಉಳಿಯುತ್ತದೆ.

ಅಳತೆ ತಲೆಯಲ್ಲಿರಲಿ

ನಾಲ್ಕೇ ನಾಲ್ಕು ಸಂಖ್ಯೆ. ಬ್ರಿಕ್‌ನ ತಲೆಯ ಮೇಲಿನ ಗುಂಡು ಉಬ್ಬಿಗೆ ಸ್ಟಡ್ ಅನ್ನುತ್ತಾರೆ; ಒಂದು ಸ್ಟಡ್‌ನಿಂದ ಪಕ್ಕದ ಸ್ಟಡ್‌ಗೆ 8 ಮಿಲಿಮೀಟರ್. ಬ್ರಿಕ್‌ನ ಎತ್ತರ 9.6 ಮಿ.ಮೀ. ಪ್ಲೇಟಿನ, ಅಂದರೆ ತೆಳು ಬ್ರಿಕ್‌ನ, ಎತ್ತರ 3.2 ಮಿ.ಮೀ. ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಐದು ಪ್ಲೇಟ್ ಸೇರಿದರೆ 16 ಮಿ.ಮೀ., ಅದು ಸರಿಯಾಗಿ ಎರಡು ಸ್ಟಡ್ ಅಗಲ.

ಈ ಕೊನೆಯ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. ನೌಕೆಯ ಬದಿಗೆ ಬ್ರಾಕೆಟ್ (ಬದಿಗೆ ಸ್ಟಡ್ ಚಾಚುವ ಎಲ್ ಆಕಾರದ ಭಾಗ) ಹಾಕಿ ಪ್ಲೇಟನ್ನು ಅಡ್ಡ ಹಚ್ಚಬೇಕು ಅಂದುಕೊಳ್ಳಿ. ಆ ಬದಿ ಒಂದು ಬ್ರಿಕ್ ಮತ್ತು ಎರಡು ಪ್ಲೇಟ್ ಎತ್ತರವಿದ್ದರೆ, ಎರಡು ಸ್ಟಡ್ ಅಗಲದ ಪ್ಲೇಟ್ ಅಲ್ಲಿ ಒಂದು ಕೂದಲೆಳೆ ಸಂದಿಯೂ ಇಲ್ಲದೆ ಕೂರುತ್ತದೆ. ಬದಿ ಬರೀ ಎರಡು ಬ್ರಿಕ್ ಎತ್ತರವಿದ್ದರೆ ಒಂದು ಪ್ಲೇಟಿನಷ್ಟು ಸಂದಿ ಉಳಿದು, ನೋಡಿದಾಗೆಲ್ಲ ಕಣ್ಣಿಗೆ ಚುಚ್ಚುತ್ತದೆ.

ಗೊಂಬೆಯ ಅಳತೆಯೂ ಗೊತ್ತಿರಲಿ. ನಿಂತಾಗ ಸುಮಾರು ನಾಲ್ಕು ಬ್ರಿಕ್ ಎತ್ತರ, ಹೆಲ್ಮೆಟ್ ಹಾಕಿದರೆ ಇನ್ನೂ ಸ್ವಲ್ಪ. ಕೂರಲು ಎರಡು ಸ್ಟಡ್ ಅಗಲ, ಮೂರು ಸ್ಟಡ್ ಉದ್ದ ಸಾಕು. ಆದರೆ ತೋಳು ಹೊರಗೆ ಚಾಚಿಕೊಂಡಿರುತ್ತದಲ್ವಾ? ಭುಜದ ಎತ್ತರಕ್ಕೆ ಗೋಡೆ ಬರುವುದಾದರೆ ಒಳಗೆ ನಾಲ್ಕು ಸ್ಟಡ್ ಅಗಲ ಬಿಡಿ. ಬೆನ್ನಿನ ಗಾಳಿ ಸಿಲಿಂಡರ್‌ಗೆ ಹಿಂದೆ ಇನ್ನೊಂದು ಸ್ಟಡ್. ಇದನ್ನು ಮರೆತರೆ ಸೀಟು ತಯಾರಾದ ಮೇಲೆ ಗೊಂಬೆ ಮುಂದಕ್ಕೆ ಬಾಗಿ, ತಲೆ ಗಾಜಿಗೆ ತಾಗುತ್ತದೆ.

ಬಣ್ಣ ಮೂರು, ಜಾಸ್ತಿ ಬೇಡ

ಮೊದಲ ಸೆಟ್‌ಗಳ ಬಣ್ಣ ನೀಲಿ, ತಿಳಿ ಬೂದು, ಆರಪಾರ ಕಾಣುವ ಹಳದಿ. ಜೊತೆಗೆ ಅಲ್ಲಲ್ಲಿ ಕಪ್ಪು, ಬಿಳಿ, ಒಂದೆರಡು ಕೆಂಪು ಚುಕ್ಕೆ. ನಾನಾದರೆ ದೊಡ್ಡ ಹರವುಗಳನ್ನು ಬೂದು ಮತ್ತು ನೀಲಿಗೇ ಬಿಡುತ್ತೇನೆ. ಹಳದಿ ಗಾಜಿಗೆ ಮಾತ್ರ. ಕಪ್ಪು ಯಂತ್ರದ ಭಾಗಗಳಿಗೆ, ಅಂದರೆ ಇಂಜಿನ್, ಟೈರು, ಆಂಟೆನಾ. ನಾಲ್ಕನೆಯ ಬಣ್ಣ ಮೈಮೇಲೆ ಬಂದ ಕೂಡಲೇ ಆ ಹಳೇ ಗಾಂಭೀರ್ಯ ಹೋಗಿಬಿಡುತ್ತದೆ.

ರೆಕ್ಕೆಯ ತುದಿಯಲ್ಲಿ ಎರಡು ದೀಪ ಮಾತ್ರ ತಪ್ಪಿಸಬೇಡಿ. ಪೈಲಟ್ ಕೂತ ದಿಕ್ಕಿನಲ್ಲಿ ನೋಡಿದರೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಹಡಗು ಮತ್ತು ವಿಮಾನಗಳ ನಿಯಮವೇ ಇದು. ಒಂದೊಂದು ಪಾರದರ್ಶಕ ಗುಂಡು ಪ್ಲೇಟ್ ಸಾಕು. ಇಷ್ಟೇ ಇಷ್ಟು ಬಣ್ಣ ಇಡೀ ನೌಕೆಗೆ ಜೀವ ತುಂಬುತ್ತದೆ.

ಬೂದು ಬಣ್ಣದಲ್ಲಿ ಒಂದು ತೊಡಕು ಇದೆ. 2004ರ ಹೊತ್ತಿಗೆ ಲೆಗೊ ತನ್ನ ಬೂದನ್ನು ಬದಲಾಯಿಸಿತು. ಹಳೆಯದರಲ್ಲಿ ತುಸು ಹಳದಿ ಛಾಯೆ, ಹೊಸದರಲ್ಲಿ ನೀಲಿ ಛಾಯೆ. ಬೇರೆ ಬೇರೆ ನೋಡಿದರೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿಟ್ಟರೆ ತೇಪೆ ಹಚ್ಚಿದ ಹಾಗೆ ಕಾಣುತ್ತದೆ. ನಿಮ್ಮ ಹತ್ತಿರ ಎರಡೂ ಇದ್ದರೆ, ಬೆಳಕಿನಲ್ಲಿ ಕೂತು ಮೊದಲೇ ಬೇರೆ ಮಾಡಿ. ಒಂದನ್ನು ಹೊರಮೈಗೆ, ಇನ್ನೊಂದನ್ನು ಒಳಗಿನ ನೆಲ, ಬೆನ್ನೆಲುಬು ಮತ್ತು ಇಂಜಿನ್‌ಗೆ ಇಡಿ. ಒಂದೇ ರೆಕ್ಕೆಯಲ್ಲಿ ಎರಡನ್ನೂ ಬೆರೆಸಬೇಡಿ.

ರೋವರ್

ಕಟ್ಟುವ ಮೊದಲು ನಿಜವಾದ ರೋವರ್‌ಗಳನ್ನು ಒಮ್ಮೆ ನೋಡಿ. 1970ರಲ್ಲಿ ಸೋವಿಯತ್ ಒಕ್ಕೂಟದ ಲುನೊಖೋದ್-1 ಎಂಟು ಚಕ್ರದ ಮೇಲೆ ಚಂದ್ರನ ನೆಲದಲ್ಲಿ ಓಡಿತು. 1971ರಲ್ಲಿ ಅಮೆರಿಕದ ಅಪೊಲೊ 15ರ ಗಗನಯಾತ್ರಿಗಳು ಚಂದ್ರನಿಗೆ ನಾಲ್ಕು ಚಕ್ರದ ಗಾಡಿ ಒಯ್ದರು. ಅದಕ್ಕೆ ಬಾಗಿಲಿಲ್ಲ, ಚಾವಣಿ ಇಲ್ಲ. ಎರಡು ಸೀಟು, ಮುಂದೆ ಕೊಡೆಯ ಹಾಗೆ ಬಿಚ್ಚಿದ ಆಂಟೆನಾ, ಹಿಂದೆ ಸಲಕರಣೆ. ಲೆಗೊದ ಹಳೇ ಬಗ್ಗಿಗಳನ್ನು, ಅಂದರೆ ಪುಟ್ಟ ತೆರೆದ ಗಾಡಿಗಳನ್ನು, ನೋಡಿದರೆ ಇದೇ ಗಾಡಿ ನೆನಪಾಗುತ್ತದೆ: ತೆರೆದ ಸೀಟು, ದೊಡ್ಡ ಡಿಶ್, ಹಿಂದೆ ಹೊರೆ. 2023ರಲ್ಲಿ ಚಂದ್ರಯಾನ-3ರಿಂದ ಇಳಿದ ನಮ್ಮ ಪ್ರಜ್ಞಾನ್ ಆರು ಚಕ್ರದ್ದು, 26 ಕಿಲೋ ತೂಕದ್ದು. ಅದರಲ್ಲಿ ಸೀಟೇ ಇಲ್ಲ. ಹಳೇ ಶೈಲಿಯಲ್ಲಿ ಸೀಟೇ ಎಲ್ಲ. ಅಂದಹಾಗೆ, ಪ್ರಜ್ಞಾನ್‌ಗೊಂದು ಸೀಟು ಇಟ್ಟು 1979ರ ನೀಲಿ ಬೂದಿನಲ್ಲಿ ಕಟ್ಟಿದರೆ ತುಂಬ ಚೆನ್ನಾಗಿರುತ್ತದೆ. ಮೊದಲ ಗಾಡಿಗೆ ಮಾತ್ರ ನಾಲ್ಕು ಚಕ್ರವೇ ಇರಲಿ.

ಮೊದಲನೆಯ ಹೆಜ್ಜೆ, ಬೆನ್ನೆಲುಬು. ಬೂದು ಬಣ್ಣದ 2×8 ಪ್ಲೇಟ್, ಅಂದರೆ ಎರಡು ಸ್ಟಡ್ ಅಗಲ, ಎಂಟು ಸ್ಟಡ್ ಉದ್ದದ್ದು, ಒಂದು ತಗೊಳ್ಳಿ. ಅದರ ಅಡಿಯಲ್ಲಿ ಎರಡೂ ತುದಿಗೆ, ಬದಿಗಳಲ್ಲಿ ಪಿನ್ ಚಾಚಿಕೊಂಡಿರುವ 2×2 ಚಕ್ರದ ಪ್ಲೇಟ್ ಒಂದೊಂದು ಹಾಕಿ. ನಡುವೆ ಉಳಿಯುವ ಜಾಗಕ್ಕೆ 2×4 ಪ್ಲೇಟ್. ಈಗ ಅಡಿ ಸಮವಾಯಿತು, ಗಟ್ಟಿಯೂ ಆಯಿತು.

ಎರಡನೆಯದು, ಚಕ್ರ. ನಾಲ್ಕು ಸಣ್ಣ ಚಕ್ರ, ಟೈರ್ ಸಮೇತ ಸಿಕ್ಕಿಸಿ. ಟೈರಿನ ಮೇಲಂಚು ಬೆನ್ನೆಲುಬಿನ ಪ್ಲೇಟಿಗಿಂತ ಮೇಲೆ ಬರುತ್ತದೆ, ಗಮನಿಸಿ. ಇದರ ಮೇಲೆ ನೇರವಾಗಿ ಅಗಲದ ಪ್ಲೇಟ್ ಇಟ್ಟರೆ ಟೈರ್ ತಿಕ್ಕುತ್ತದೆ, ಗಾಡಿ ಓಡುವುದಿಲ್ಲ. ಹಾಗಾಗಿ ಬೆನ್ನೆಲುಬಿನ ಮೇಲೆ ಇನ್ನೊಂದು ಪದರ ಹಾಕಿ: 2×2, 2×4, 2×2, ಈ ಕ್ರಮದಲ್ಲಿ. 14 ಮಿ.ಮೀ. ವ್ಯಾಸದ ಟೈರಿಗೆ ಈ ಎರಡು ಪ್ಲೇಟಿನ ಎತ್ತರ ಸಾಕಾಗುತ್ತದೆ. ನಿಮ್ಮ ಟೈರ್ ಇದಕ್ಕಿಂತ ದೊಡ್ಡದಿದ್ದರೆ ಇನ್ನೊಂದು ಪದರ ಹಾಕಿ, ಇಲ್ಲವೇ ಚಕ್ರದ ಮೇಲೆ ಮೈ ಬರದ ಹಾಗೆ ನಡುವೆ ಮಾತ್ರ ಅಗಲ ಮಾಡಿ.

ಮೂರನೆಯದು, ಮೈ. ಮೇಲೆ ನೀಲಿ 4×8 ಪ್ಲೇಟ್ ಒತ್ತಿ. ಇದು ಚಕ್ರದ ಮೇಲೆ ಮಡ್‌ಗಾರ್ಡ್ ಥರ ಚಾಚುತ್ತದೆ. ಮುಂದಕ್ಕೆ ಹೋಗುವ ಮೊದಲು ಮೇಜಿನ ಮೇಲೆ ಒಮ್ಮೆ ತಳ್ಳಿ ನೋಡಿ. ಸರಾಗವಾಗಿ ಹೋಗದಿದ್ದರೆ ಈಗಲೇ ಬಿಚ್ಚಿ ಸರಿಮಾಡಿ. ಮೇಲಿನದೆಲ್ಲ ಕಟ್ಟಿದ ಮೇಲೆ ಚಕ್ರಕ್ಕೆ ಕೈಹಾಕುವುದು ದೊಡ್ಡ ತಲೆನೋವು.

ನಾಲ್ಕನೆಯದು, ಸೀಟು. ಗೊಂಬೆಯನ್ನು ನೇರವಾಗಿ ನೀಲಿ ಪ್ಲೇಟಿನ ನಡುವಿನ ಸ್ಟಡ್‌ಗಳ ಮೇಲೆ ಕೂರಿಸಿ. ಹಿಂದಿನ ಮೂರು ಸಾಲು ಖಾಲಿ ಬಿಡಿ: ಒಂದು ಗಾಳಿ ಸಿಲಿಂಡರ್‌ಗೆ, ಎರಡು ಹೊರೆಗೆ. ಕಾಲು ಮುಂದೆ ಚಾಚಿ ಮುಗಿಯುವಲ್ಲಿ 2×2 ಓರೆ ಬ್ರಿಕ್ ಇಡಿ, ಅದರ ಓರೆ ಗಗನಯಾತ್ರಿಯ ಕಡೆಗೆ. ಕಂಪ್ಯೂಟರ್ ಚಿತ್ರ ಅಚ್ಚಾಗಿರುವ ಓರೆ ಬ್ರಿಕ್ ನಿಮ್ಮ ಹತ್ತಿರ ಇದ್ದರೆ ಅದರ ಜಾಗ ಇದೇ. ಪಕ್ಕದಲ್ಲಿ ಒಂದು ಲಿವರ್ ನೆಟ್ಟರೆ ಕೈ ಅದನ್ನು ಹಿಡಿಯುತ್ತದೆ. ಗೊಂಬೆಯ ಕೈ ಏನನ್ನಾದರೂ ಹಿಡಿದಿದ್ದರೆ ಗಾಡಿ ನಿಂತಿದ್ದರೂ ಓಡುತ್ತಿರುವ ಹಾಗೆ ಕಾಣುತ್ತದೆ.

ಐದನೆಯದು, ಕೆಲಸ. ಇಲ್ಲಿ ನಿಮ್ಮ ಕಲ್ಪನೆ. ಡಿಶ್ ಹಾಕುವುದಾದರೆ 4×4 ಡಿಶ್ ಒಂದನ್ನು ಕೀಲಿನ ಮೇಲೆ ಕೂರಿಸಿ, ಮಡಚುವ ಹಾಗಿರಲಿ. ಅಗೆಯುವ ಗಾಡಿಯಾದರೆ ಮುಂದೆ ತೋಳು ಮತ್ತು ಬಕೆಟ್. ಕಲ್ಲು ಸಂಗ್ರಹಿಸುವ ಗಾಡಿಯಾದರೆ ಹಿಂದೆ ಮುಚ್ಚಳ ತೆರೆಯುವ ಪೆಟ್ಟಿಗೆ, ಒಳಗೆ ಪಾರದರ್ಶಕ ಹಸಿರು ಚೂರುಗಳು. ಒಂದು ಗಾಡಿಗೆ ಒಂದೇ ಕೆಲಸ. ಡಿಶ್ಶೂ ಬೇಕು, ಅಗೆಯಲೂ ಬೇಕು ಅನ್ನಿಸಿದರೆ ಇನ್ನೊಂದು ಗಾಡಿ ಕಟ್ಟಿ, ಇದೇ ಅಡಿಯ ಮೇಲೆ ಬೇಗ ಆಗುತ್ತದೆ.

ಪ್ರತಿ ಫೆಬ್ರವರಿಯಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ಲೆಗೊ ಕಟ್ಟುವವರು ಬರೀ ರೋವರ್ ಕಟ್ಟುತ್ತಾರೆ. ಫೆಬ್ರೋವರಿ ಅಂತಲೇ ಅದರ ಹೆಸರು. ಅವರ ಫೋಟೋಗಳನ್ನು ನೋಡುತ್ತಾ ಹೋದರೆ ಇಂಥ ಹತ್ತಾರು ಸಣ್ಣ ಉಪಾಯ ಸಿಗುತ್ತವೆ.

ನೌಕೆ: ಮೊದಲು ಹೊಟ್ಟೆ

ಮೂಲ ಗ್ಯಾಲಕ್ಸಿ ಎಕ್ಸ್‌ಪ್ಲೋರರ್‌ನ ಹಿಂಭಾಗ ತೆರೆದರೆ ಒಳಗೊಂದು ಪುಟ್ಟ ರೋವರ್ ಇರುತ್ತಿತ್ತು. ಆ ಖುಷಿಯನ್ನು ಬಿಟ್ಟು ನೌಕೆ ಕಟ್ಟುವುದು ನನಗಂತೂ ಒಗ್ಗುವುದಿಲ್ಲ. ಹಾಗಾಗಿ ರೋವರ್ ಕೋಣೆಯಿಂದಲೇ ಹೊರಡೋಣ.

ನಮ್ಮ ರೋವರ್ ನಾಲ್ಕು ಸ್ಟಡ್ ಅಗಲ, ಎಂಟು ಸ್ಟಡ್ ಉದ್ದ. ಬೆರಳು ಆಡಲು ಜಾಗ ಬೇಕು, ಆದ್ದರಿಂದ ಕೋಣೆಯ ಒಳಗಡೆ ಆರು ಅಗಲ, ಹತ್ತು ಉದ್ದ ಇಡಿ. ಎರಡು ಬದಿಯ ಗೋಡೆ ಒಂದೊಂದು ಸ್ಟಡ್, ಹೊರಗಿನ ಅಗಲ ಎಂಟು. ಎತ್ತರ ಎಷ್ಟು? ಗಗನಯಾತ್ರಿ ರೋವರ್‌ನಲ್ಲಿ ಕೂತೇ ಒಳಗೆ ಬರಬೇಕು ಅಂದರೆ ಆರು ಬ್ರಿಕ್ ಎತ್ತರ ಬೇಕಾಗುತ್ತದೆ, ಆಗ ನೌಕೆಯ ಬೆನ್ನು ಗೂನು ಬರುತ್ತದೆ. ಐದು ಬ್ರಿಕ್ ಇಡಿ. ಖಾಲಿ ರೋವರ್ ಡಿಶ್ ಮಡಚಿಕೊಂಡು ಆರಾಮಾಗಿ ಹಿಡಿಸುತ್ತದೆ. ಗಗನಯಾತ್ರಿ ಹೆಲ್ಮೆಟ್ ಹಾಕಿಕೊಂಡು ನಿಲ್ಲಲೂ ಬಹುದು.

ಐದು ಬ್ರಿಕ್‌ನಲ್ಲಿ ಇನ್ನೊಂದು ಲಾಭ ಇದೆ. ಐದು ಬ್ರಿಕ್ ಅಂದರೆ 48 ಮಿ.ಮೀ., ಅದು ಸರಿಯಾಗಿ ಆರು ಸ್ಟಡ್. ಗೋಡೆ ಸೇರಿ ಅಗಲ ಎಂಟು ಸ್ಟಡ್. ಅಂದರೆ ಒಂದು 6×8 ಪ್ಲೇಟ್ ಹಿಂದಿನ ಬಾಯಿಯನ್ನು ಪೂರ್ತಿ ಮುಚ್ಚುತ್ತದೆ! ಅದನ್ನು ನೆಲದ ಹಿಂದಿನ ಅಂಚಿಗೆ ಎರಡು ಕೀಲಿನಿಂದ ಕೂಡಿಸಿ. ಎತ್ತಿದರೆ ಬಾಗಿಲು, ಇಳಿಸಿದರೆ ರೋವರ್ ಇಳಿಯುವ ಇಳಿಜಾರು. ಇಳಿಜಾರಿನ ಒಳಮೈಗೆ ಸ್ಟಡ್ ಇಲ್ಲದ ನುಣುಪು ಟೈಲ್ ಹಾಕಿ, ಇಲ್ಲದಿದ್ದರೆ ಟೈರ್ ಸ್ಟಡ್‌ಗಳ ಮೇಲೆ ಕುಣಿಯುತ್ತದೆ. ಕೋಣೆಯ ನೆಲಕ್ಕೂ ಅಷ್ಟೇ. ನೆಲ ಮೇಜಿನಿಂದ ಎರಡು ಬ್ರಿಕ್‌ಗಿಂತ ಎತ್ತರ ಇರದಿದ್ದರೆ ಒಳ್ಳೆಯದು. ಅದಕ್ಕಿಂತ ಮೇಲೆ ಹೋದರೆ ಇಳಿಜಾರು ಕಡಿದಾಗಿ ರೋವರ್‌ನ ಹೊಟ್ಟೆ ಅಂಚಿಗೆ ತಾಗಿ ನಿಲ್ಲುತ್ತದೆ.

ಬೆನ್ನೆಲುಬು ಮತ್ತು ಮೂತಿ

ಕೋಣೆ ಹತ್ತು ಸ್ಟಡ್, ಅದರ ಮುಂದೆ ಪೈಲಟ್‌ಗೆ ಎಂಟು, ಮೂತಿಗೆ ಎಂಟು, ಕೋಣೆಯ ಆಚೀಚೆಯಿಂದ ಹಿಂದಕ್ಕೆ ಚಾಚುವ ಇಂಜಿನ್‌ಗೆ ನಾಲ್ಕು. ಒಟ್ಟು 30 ಸ್ಟಡ್, ಅಂದರೆ 24 ಸೆಂಟಿಮೀಟರ್. ಮೊದಲ ನೌಕೆಗೆ ಇದು ಹಿತವಾದ ಅಳತೆ. ಸೆಪ್ಟೆಂಬರ್‌ನಲ್ಲಿ ಶಿಪ್‌ಟೆಂಬರ್ ಅಂತ ನಡೆಯುತ್ತದೆ, ಅದರಲ್ಲಿ ನೌಕೆ ಕನಿಷ್ಠ 100 ಸ್ಟಡ್, ಅಂದರೆ 80 ಸೆಂಟಿಮೀಟರ್ ಉದ್ದ ಇರಬೇಕು. ಅದು ಆಮೇಲಿನ ಮಾತು.

ಬೆನ್ನೆಲುಬನ್ನು ಎರಡು ಪದರದಲ್ಲಿ ಕಟ್ಟಿ. ಕೆಳಗಿನ ಪದರದಲ್ಲಿ ಪ್ಲೇಟುಗಳು ಸೇರುವ ಜಾಗ ಎಲ್ಲೆಲ್ಲಿ ಇದೆಯೋ, ಅದರ ಮೇಲೆ ಮೇಲಿನ ಪದರದ ಪ್ಲೇಟಿನ ನಡುಭಾಗ ಬರಬೇಕು. ಗಾರೆ ಕೆಲಸದವರು ಇಟ್ಟಿಗೆ ಇಡುವ ಹಾಗೆಯೇ. ಎರಡು ಪದರದ ಬಿರುಕು ಒಂದೇ ಸಾಲಿಗೆ ಬಂದರೆ ನೌಕೆ ಅಲ್ಲೇ ಮುರಿಯುತ್ತದೆ. ಕಟ್ಟಿ ಮುಗಿದ ಮೇಲೆ ಎರಡು ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಕಿರುಗುಟ್ಟಿದರೆ ಮೂರನೆಯ ಪದರ ಬೇಕು ಅಂತ ಅರ್ಥ.

ಪೈಲಟ್ ಕೋಣೆಯನ್ನು ಗಾಜಿನಿಂದ ಲೆಕ್ಕ ಹಾಕಿ. ಯಾವ ಗಾಜು ನಿಮ್ಮ ಕೈಯಲ್ಲಿದೆ, ಅದರ ಅಗಲ ಎಷ್ಟು, ಕೀಲು ಎಲ್ಲಿ, ಇದಿಷ್ಟು ನೋಡಿ ಆಮೇಲೆ ಗೋಡೆ ಎಬ್ಬಿಸಿ. ಹಳದಿ ಪಾರದರ್ಶಕ ಗಾಜು ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಬೆಲೆ ಜಾಸ್ತಿ. ಸಿಗದಿದ್ದರೆ ಪಾರದರ್ಶಕ ನೀಲಿ ಬಳಸಿ, ಅದೂ ಆ ಕಾಲದ್ದೇ. ಬಣ್ಣವಿಲ್ಲದ ಗಾಜು ಮಾತ್ರ ಬೇಡ, ಅದು ಕಾರಿನ ಗಾಜಿನ ಥರ ಕಾಣುತ್ತದೆ. ಗಾಜು ಮುಚ್ಚಿದಾಗ ಹೆಲ್ಮೆಟ್ ತಾಗಿದರೆ ಗಾಜನ್ನು ಎತ್ತರಿಸುವ ಬದಲು ಸೀಟಿನ ಅಡಿಯ ಒಂದೆರಡು ಪ್ಲೇಟ್ ತೆಗೆದು ಸೀಟನ್ನೇ ಇಳಿಸಿ. ನೌಕೆಯ ನೆತ್ತಿ ತಗ್ಗಿದ್ದಷ್ಟೂ ಚೆಂದ.

ಮೂತಿಗೆ ಓರೆಯಾಗಿ ಕತ್ತರಿಸಿದ ವೆಡ್ಜ್ ಪ್ಲೇಟುಗಳು ಬೇಕು. ಇವು ಎಡ ಬಲ ಬೇರೆ ಬೇರೆ. ಎಡದ್ದು ಆರಿದ್ದು ಬಲದ್ದು ಐದೇ ಇದ್ದರೆ ಕೆಲಸ ಕೆಡುತ್ತದೆ, ಆದ್ದರಿಂದ ಜೋಡಿ ಎಣಿಸಿ ಇಟ್ಟುಕೊಳ್ಳಿ. ಹಳೇ ನೌಕೆಗಳ ಮೂತಿ ಚಪ್ಪಟೆ, ಬಾಣದ ತುದಿಯಂತೆ ಚೂಪು. ಮೇಲೆ ಸ್ಟಡ್‌ಗಳು ಹಾಗೇ ಕಾಣುತ್ತವೆ. ಕಾಣಲಿ. ಈಗಿನ ಸೆಟ್‌ಗಳಲ್ಲಿ ಎಲ್ಲವನ್ನೂ ಟೈಲ್ ಹಾಕಿ ನುಣುಪು ಮಾಡುವ ರೂಢಿ ಇದೆ. ಈ ಶೈಲಿಗೆ ಅದು ಹೊಂದುವುದಿಲ್ಲ. ಬೆಳಕು ಬಿದ್ದಾಗ ಸಾಲು ಸಾಲು ಸ್ಟಡ್‌ಗಳ ನೆರಳೇ ಈ ನೌಕೆಗಳ ಅಲಂಕಾರ. ಚಕ್ರ ಓಡುವಲ್ಲಿ, ಬಾಗಿಲು ಜಾರುವಲ್ಲಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಟೈಲ್ ಸಾಕು.

ರೆಕ್ಕೆ, ಕಾಲು, ಇಂಜಿನ್

ರೆಕ್ಕೆಯನ್ನು ಬದಿಗೆ ಅಂಟಿಸಿದರೆ ಹಿಡಿದಾಗ ಕಿತ್ತು ಬರುತ್ತದೆ. ಅದರ ಬುಡವನ್ನು ಬೆನ್ನೆಲುಬಿನ ಎರಡು ಪದರಗಳ ನಡುವೆ ತೂರಿಸಿ, ಕನಿಷ್ಠ ಎರಡು ಸ್ಟಡ್ ಒಳಗೆ ಹೋಗಲಿ, ಉದ್ದ ರೆಕ್ಕೆಯಾದರೆ ನಾಲ್ಕು. ರೆಕ್ಕೆಯೂ ಎರಡು ಪದರ: ಮೇಲೆ ನೀಲಿ, ಕೆಳಗೆ ಬೂದು. ಎರಡು ರೆಕ್ಕೆಯನ್ನೂ ಒಟ್ಟಿಗೇ ಕಟ್ಟುತ್ತಾ ಹೋಗಿ, ಎಡಕ್ಕೊಂದು ಭಾಗ ಇಟ್ಟ ಕೂಡಲೇ ಬಲಕ್ಕೊಂದು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಬಂದರೆ ಕೊನೆಗೆ ಭಾಗ ಸಾಲದೆ ಎರಡನ್ನೂ ಬಿಚ್ಚಬೇಕಾಗುತ್ತದೆ.

ನೆಲದ ಮೇಲೆ ನಿಲ್ಲಲು ಮೂರು ಕಾಲು ಕೊಡಿ. ಮುಂದೆ ಒಂದು, ಹಿಂದೆ ಎರಡು. ನಾಲ್ಕು ಕಾಲಿನಲ್ಲಿ ಒಂದು ಕೂದಲಷ್ಟು ಹೆಚ್ಚುಕಮ್ಮಿ ಆದರೂ ನೌಕೆ ಅಲ್ಲಾಡುತ್ತದೆ, ಮೂರು ಕಾಲಿಗೆ ಆ ತೊಂದರೆ ಇಲ್ಲ. ಹಿಂದಿನ ಎರಡು ಕಾಲು ಬಾಗಿಲಿನ ಆಚೀಚೆ ಇರಲಿ, ಇಳಿಜಾರಿಗೆ ಅಡ್ಡ ಬರಬಾರದು.

ಹಿಂಭಾಗದಲ್ಲಿ ಬಾಗಿಲು ಇರುವುದರಿಂದ ಇಂಜಿನ್‌ಗಳನ್ನು ಕೋಣೆಯ ಎರಡೂ ಬದಿಗೆ ರೆಕ್ಕೆಯ ಮೇಲೆ ಕೂರಿಸಿ. 2×2 ಗುಂಡು ಬ್ರಿಕ್‌ಗಳನ್ನು ಉದ್ದಕ್ಕೆ ಜೋಡಿಸಿ, ತುದಿಗೆ ಪಾರದರ್ಶಕ ಕೆಂಪು ಅಥವಾ ಹಳದಿ ಗುಂಡು ಪ್ಲೇಟ್, ಅದರ ಸುತ್ತ ಕಪ್ಪು ಅಂಚು. ಇವು ಮಲಗಿದ ಸ್ಥಿತಿಯಲ್ಲಿ ಇರಬೇಕಾದ್ದರಿಂದ ಬದಿಯಲ್ಲಿ ಸ್ಟಡ್ ಇರುವ ಬ್ರಿಕ್‌ಗೆ ಸಿಕ್ಕಿಸಬೇಕು. ಉದ್ದ ಜಾಸ್ತಿಯಾದರೆ ಸ್ವಂತ ಭಾರಕ್ಕೆ ಜೋಲುತ್ತದೆ. ಆಗ ಗುಂಡು ಬ್ರಿಕ್‌ಗಳ ನಡುವಿನ ತೂತಿನಲ್ಲಿ ಒಂದು ಟೆಕ್ನಿಕ್ ಆಕ್ಸಲ್ (ಲೆಗೊದ ಉದ್ದನೆಯ ಕಡ್ಡಿ) ತೂರಿಸಿದರೆ ನೆಟ್ಟಗೆ ನಿಲ್ಲುತ್ತದೆ. ಬಾಲದ ರೆಕ್ಕೆ ಎರಡು, ಇಂಜಿನ್‌ಗಳ ಮೇಲೆ ನೆಟ್ಟಗೆ.

ಈಗ ನೌಕೆಯನ್ನು ಒಂದೇ ಕೈಯಲ್ಲಿ ಎತ್ತಿ, ಮನೆಯ ತುಂಬ ಹಾರಿಸಿ. ಕಟ್ಟುವವರು ಇದನ್ನು ಸ್ವೂಶ್ ಮಾಡುವುದು ಅನ್ನುತ್ತಾರೆ. ಮುಜುಗರ ಪಡಬೇಡಿ, ಇದು ನಿಜವಾದ ಪರೀಕ್ಷೆ. ಹಿಡಿಯುವ ಜಾಗದಲ್ಲಿ ಏನಾದರೂ ಉದುರಿತೇ? ಮೂತಿ ಕೆಳಗೆ ವಾಲುತ್ತದೆಯೇ? ಬಾಗಿಲು ತಾನಾಗಿ ತೆರೆದು ರೋವರ್ ಬಿತ್ತೇ? ಬಾಗಿಲು ನಿಲ್ಲದಿದ್ದರೆ ಮೇಲಂಚಿನಲ್ಲಿ ಒಂದೇ ಒಂದು ಸ್ಟಡ್ ಹಿಡಿಯುವ ಹಾಗೆ ಮಾಡಿ, ಅಷ್ಟೇ ಸಾಕು. ಎರಡು ಸ್ಟಡ್ ಹಿಡಿದರೆ ತೆರೆಯುವಾಗ ಕೀಲೇ ಕಿತ್ತುಬರುತ್ತದೆ.

ಕುಸುರಿ ಮತ್ತು ಗುರುತು

ಪೈಪು, ಲಿವರ್, ನಲ್ಲಿ, ಮೆಗಾಫೋನ್, ಜಾಲರಿ ಟೈಲ್ ಮುಂತಾದ ಸಣ್ಣ ಭಾಗಗಳನ್ನು ಒತ್ತಾಗಿ ಜೋಡಿಸಿ ಯಂತ್ರದ ಹಾಗೆ ಕಾಣಿಸುವುದಕ್ಕೆ ಗ್ರೀಬಲ್ ಅಂತ ಹೆಸರು. ಹೊಸ ಕಾಲದವರು ಇದನ್ನು ಮೈತುಂಬ ಮಾಡುತ್ತಾರೆ. ಹಳೇ ಶೈಲಿಯಲ್ಲಿ ಎಲ್ಲಿ ಯಂತ್ರ ಇರಬೇಕೋ ಅಲ್ಲಿ ಮಾತ್ರ: ಇಂಜಿನ್‌ನ ಪಕ್ಕ, ಕೋಣೆಯ ಒಳಗೋಡೆ, ಹೊಟ್ಟೆಯ ಅಡಿ. ಮಿಕ್ಕ ಜಾಗ ಖಾಲಿ ಇರಲಿ. ಪ್ರತಿ ಭಾಗ ಇಡುವಾಗಲೂ ಇದು ಏನು ಅಂತ ಕೇಳಿಕೊಳ್ಳಿ. ಇಂಧನ ತುಂಬುವ ನಲ್ಲಿ, ಆಮ್ಲಜನಕದ ಪೈಪು, ಹೀಗೆ ಒಂದು ಉತ್ತರ ಬಂದರೆ ಇಡಿ, ಬರದಿದ್ದರೆ ಸುಮ್ನೆ ಡಬ್ಬಿಗೆ ಹಾಕಿ.

ಹಳೇ ನೌಕೆಗಳ ಮೈಮೇಲೆ ಎಲ್‌ಎಲ್ 918, ಎಲ್‌ಎಲ್ 924, ಎಲ್‌ಎಲ್ 928 ಅಂತ ಅಚ್ಚಾಗಿರುತ್ತಿತ್ತು, ಆಯಾ ಸೆಟ್‌ನ ನಂಬರೇ ಅದು. ಇವತ್ತಿಗೂ ಈ ಶೈಲಿಯಲ್ಲಿ ಕಟ್ಟುವವರು ತಮ್ಮ ನೌಕೆಗೆ ಎಲ್‌ಎಲ್ ಹಾಕಿ ತಮ್ಮದೇ ನಂಬರ್ ಕೊಡುತ್ತಾರೆ. ನೀವೂ ಕೊಡಿ. ಸ್ಟಿಕರ್ ಹಾಳೆಯಲ್ಲಿ ಪ್ರಿಂಟ್ ಮಾಡಿಸಿ 1×4 ಟೈಲ್‌ಗೆ ಅಂಟಿಸಿದರೆ ಆಯಿತು. ಎರಡು ಭಾಗಗಳ ಮೇಲೆ ಸೇರಿಸಿ ಅಂಟಿಸಬೇಡಿ, ಬಿಚ್ಚುವಾಗ ಹರಿಯುತ್ತದೆ.

ಭಾಗಗಳನ್ನು ಹೊಂದಿಸುವುದು, ಕಾಪಾಡುವುದು

ಮೊದಲು ಮನೆಯ ಡಬ್ಬಿ ಕೆದಕಿ. ಮಕ್ಕಳ ಹಳೇ ಸೆಟ್‌ಗಳಲ್ಲಿ ಬೂದು ಪ್ಲೇಟ್ ಬೇಕಾದಷ್ಟು ಇರುತ್ತವೆ. ಇಲ್ಲದ್ದನ್ನು ಪಟ್ಟಿ ಮಾಡಿ. ಬಿಡಿಬಿಡಿಯಾಗಿ ಮಾರುವ ಬ್ರಿಕ್‌ಲಿಂಕ್ ಮಾರುಕಟ್ಟೆಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸಿಗುತ್ತದೆ. 2019ರಿಂದ ಅದು ಲೆಗೊ ಕಂಪನಿಯದೇ. ಆದರೆ ಭಾರತದಲ್ಲಿ ಇರುವವರು ಹೊರದೇಶದಿಂದ ತರಿಸುವ ಮೊದಲು ಸುಂಕದ ಲೆಕ್ಕ ಹಾಕಲೇಬೇಕು. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಂಚೆ ಖರ್ಚು ಬೇರೆ. ಹಾಗಾಗಿ ಗಾಜು, ಅಚ್ಚಾದ ಕಂಪ್ಯೂಟರ್ ಬ್ರಿಕ್, ಹೆಲ್ಮೆಟ್ ಥರದ ಅಪರೂಪದ್ದನ್ನು ಮಾತ್ರ ಹೊರಗಿಂದ ತರಿಸಿ. ಪ್ಲೇಟು ಬ್ರಿಕ್ ಇಲ್ಲೇ ಸೆಕೆಂಡ್ ಹ್ಯಾಂಡ್ ಹುಡುಕಿ. ಹೊರದೇಶದಲ್ಲಿರುವ ನೆಂಟರು ಊರಿಗೆ ಬರುವಾಗ ಒಂದು ಸಣ್ಣ ಪೊಟ್ಟಣ ತರಿಸಿಕೊಂಡರೆ ಇನ್ನೂ ಒಳ್ಳೆಯದು.

ಕೊಳ್ಳುವ ಮೊದಲು ಕಂಪ್ಯೂಟರ್‌ನಲ್ಲಿ ಕಟ್ಟಿ ನೋಡಬಹುದು. ಬ್ರಿಕ್‌ಲಿಂಕ್‌ನವರ ಸ್ಟುಡಿಯೋ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಭಾಗಗಳ ಪಟ್ಟಿಯನ್ನೂ ಅದೇ ಕೊಡುತ್ತದೆ. ಬಾಗಿಲು ಎಷ್ಟು ಬಿಗಿ, ಕೈಯಲ್ಲಿ ಹಿಡಿದಾಗ ಹೇಗಿರುತ್ತದೆ ಅನ್ನುವುದು ಮಾತ್ರ ಪರದೆಯಲ್ಲಿ ಗೊತ್ತಾಗುವುದಿಲ್ಲ. ಕೀಲು ಇರುವ ಭಾಗಗಳನ್ನು ಯಾವ ಬಣ್ಣದಲ್ಲಾದರೂ ಸರಿ, ಮೊದಲು ಕೈಯಲ್ಲೇ ಕಟ್ಟಿ ನೋಡಿ.

ಸೆಕೆಂಡ್ ಹ್ಯಾಂಡ್ ಬ್ರಿಕ್ ಬಂದರೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ ತೊಳೆಯಿರಿ. 40 ಡಿಗ್ರಿ ದಾಟಬಾರದು. ಬಿಸಿಲಿಗೆ ಹರವಬೇಡಿ, ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಬಿಸಿಲು ತಾಗಿದ ಬಿಳಿ, ಬೂದು, ನೀಲಿ ಭಾಗಗಳು ಕ್ರಮೇಣ ಹಳದಿಗಟ್ಟುತ್ತವೆ, ಕಿಟಕಿ ಪಕ್ಕದ ಶೋಕೇಸ್ ಕೂಡ ಅದಕ್ಕೇ ಬೇಡ. ಅಂಟಿಕೊಂಡ ಪ್ಲೇಟುಗಳನ್ನು ಹಲ್ಲಿನಿಂದ ಕಚ್ಚಿ ಬಿಡಿಸಬೇಡಿ. ಬಿಡಿಸುವುದಕ್ಕೆಂದೇ ಕಿತ್ತಳೆ ಬಣ್ಣದ ಸಲಕರಣೆ ಬರುತ್ತದೆ, ಅಗ್ಗ. ಹಳೇ ಹೆಲ್ಮೆಟ್ ಕೊಳ್ಳುವುದಾದರೆ ಗಲ್ಲದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಆ ಪಟ್ಟಿ ತೆಳು, ಅಲ್ಲೇ ಬಿರುಕು ಬಿಡುತ್ತದೆ. ಬಿರುಕಿದ್ದರೆ ತಲೆಗೆ ಹಾಕುವಾಗ ತುಂಡಾಗುತ್ತದೆ.

ಮೊದಲ ನೌಕೆ ಆದ ಮೇಲೆ ಅದೇ ಅಳತೆಯಲ್ಲಿ ಬಣ್ಣ ಬದಲಿಸಿ ಇನ್ನೊಂದು ಕಟ್ಟಿ. ಆಮೇಲೆ ಬಂದ ಲೆಗೊ ಬಾಹ್ಯಾಕಾಶ ಸರಣಿಗಳಲ್ಲಿ 1987ರ ಫ್ಯೂಚುರಾನ್ ಬಿಳಿ ಮೈ, ನೀಲಿ ಗಾಜಿನದು. ಅದೇ ವರ್ಷದ ಬ್ಲ್ಯಾಕ್‌ಟ್ರಾನ್ ಕಪ್ಪು ಮತ್ತು ಹಳದಿ. 1990ರ ಎಂ-ಟ್ರಾನ್ ಕೆಂಪು ಮೈ, ಎದ್ದು ಕಾಣುವ ತಿಳಿಹಸಿರು ಗಾಜು, ಸರಕು ಎತ್ತಲು ಅಯಸ್ಕಾಂತ. ನನ್ನ ಮತ ಎಂ-ಟ್ರಾನ್‌ಗೆ, ಏಕೆಂದರೆ ಅಯಸ್ಕಾಂತದ ಕ್ರೇನ್ ಇಟ್ಟರೆ ನಿಮ್ಮ ರೋವರ್‌ಗೆ ತಕ್ಷಣ ಒಂದು ಹೊಸ ಕೆಲಸ ಸಿಗುತ್ತದೆ. ಅದಕ್ಕೆ ಬೇಕಾದ ಹಿಂದಿನ ಎರಡು ಸಾಲು ಜಾಗ ಆಗಲೇ ಬಿಟ್ಟಿದ್ದೇವೆ.